ನೆಲದ ಮೇಲಿನ ಕೋಣೆ

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ದರ್ಜಿ ಅಕ್ಕ ಸಭಾಭವನದ ನೆಲಕ್ಕೆ ಬಿಳಿ ಅಂಟುಪಟ್ಟಿಯ ನಾಲ್ಕನೇ ಗೆರೆ ಒತ್ತಿ ಎದ್ದಳು. ಬಾಲಾಪರಾಧಿಗಳನ್ನು ಒಂಟಿಯಾಗಿ ಕೂಡಿಹಾಕುವ ಕೋಣೆಯ ಅಳತೆ ಅದು. ಇಲಾಖೆಯ ನಕ್ಷೆಯಲ್ಲಿದ್ದಂತೆಯೇ ಎಂಟು ಅಡಿ ಉದ್ದ, ಆರು ಅಡಿ ಅಗಲ. ಹನ್ನೊಂದಕ್ಕೆ ಬರುವ ಅಧಿಕಾರಿಯನ್ನು ಅದರೊಳಗೆ ನಿಲ್ಲಿಸಿ, ಇಂಥ ಕೋಣೆ ಮಕ್ಕಳಿಗೆ ಬೇಡವೆಂದು ಕೇಳಿಕೊಳ್ಳಬೇಕೆಂದು ತಾಯಂದಿರ ಸಂಘ ತೀರ್ಮಾನಿಸಿತ್ತು.

“ಅಕ್ಕಾ, ಇದ್ರಲ್ಲಿ ನನ್ನ ಬೈಕೂ ನಿಲ್ಸಿ, ಪಕ್ಕದಲ್ಲಿ ನಾನೂ ಮಲಗ್ಬೋದು. ಸಾಹೇಬ್ರು ನಕ್ಬಿಟ್ಟು ಹೋಗ್ತಾರೆ,” ಎಂದ ಕುರ್ಚಿ ಜೋಡಿಸುತ್ತಿದ್ದ ಪ್ಲಂಬರ್. ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಗ ಅಂಥದೇ ಕೋಣೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ದಿನವೂ ಹಾಗೆಯೇ ಇದ್ದಳು.

ಬಾಗಿಲ ಬಳಿ ನಿಂತಿದ್ದ ಮಗ ಹತ್ತಿರ ಬಂದ. “ಅಮ್ಮಾ, ಇಷ್ಟು ದೊಡ್ಡದಿರ್ಲಿಲ್ಲ.” ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೆತ್ತಿಯನ್ನು ಒಂದು ತುದಿಯ ಗೆರೆಗೆ ತಾಗಿಸಿ ಮಗ್ಗುಲಾಗಿ ಮಲಗಿದ. ಮೊಣಕಾಲುಗಳು ತಾವಾಗಿಯೇ ಮಡಚಿಕೊಂಡವು. “ಪಾದ ಎಲ್ಲಿದ್ಯೋ ಅಲ್ಲಿಗೆ ಗೋಡೆ.”

ಅವಳು ಎದುರು ತುದಿಯ, ಎಂಟನೇ ಅಡಿಯ ಪಟ್ಟಿಯನ್ನು ಕಿತ್ತು ಅವನ ಅಂಗಾಲಿಗೆ ತಾಗುವಂತೆ ಅಂಟಿಸಿದಳು. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಗೆರೆಯಿಂದ ಗೆರೆಗೆ ಹಿಡಿದು, ಪ್ಯಾಂಟಿಗೆ ಅಳತೆ ತೆಗೆಯುವಾಗಿನ ಅಭ್ಯಾಸದಲ್ಲೇ, “ಅಲ್ಲಾಡ್ಬೇಡ ಮಗಾ,” ಎಂದಳು. ಅವನು ಅಲ್ಲಾಡಿರಲೇ ಇಲ್ಲ.

“ಎಷ್ಟಕ್ಕಾ?” ಪ್ಲಂಬರ್ ಮೆಲ್ಲಗೆ ಕೇಳಿದ.

ನಾಲ್ಕು ಅಡಿ ಮೂರು ಇಂಚು.