ರಾಯರನ್ನು ಗೆದ್ದ ಸಂಜೆ

ಚೆಸ್ಸಿನಲ್ಲಿ ರಾಯರನ್ನು ಒಮ್ಮೆಯಾದರೂ ಸೋಲಿಸಬೇಕೆಂಬ ಹಟ ದುರ್ಗೇಶನನ್ನು ದೆವ್ವದಂತೆ ಮೆಟ್ಟಿಕೊಂಡಿತ್ತು. ಗ್ಯಾರೇಜಿನ ಕೆಲಸ ಮುಗಿಯುತ್ತಲೇ ಕೈಯ ಗ್ರೀಸು ತೊಳೆದು ಅವರ ಮನೆಗೆ ಓಡುತ್ತಿದ್ದ. ರಾಯರು ಜಗಲಿಯ ಮೇಲೆ ಬೋರ್ಡು ಹಾಸಿ ಕೂತರೆ, ಇವನದು ಕೆಳಗಿನ ಮೆಟ್ಟಿಲು.

"ನೀನು ಬಾಯಲ್ಲಿ ಹೇಳಯ್ಯ, ನಿನ್ನ ಕಾಯಿನೂ ನಾನೇ ನಡೆಸ್ತೀನಿ," ಎಂದು ರಾಯರು ಮೊದಲ ದಿನವೇ ಹೇಳಿದ್ದರು. "ದೊಡ್ಡ ದೊಡ್ಡ ಆಟಗಾರರು ಕಾಯಿ ಮುಟ್ಟದೇನೇ ಆಡ್ತಾರೆ. ಲೆಕ್ಕವೆಲ್ಲ ತಲೇಲಿ ನಿಲ್ಲುತ್ತೆ."

ನಿಂತಿತ್ತು ಕೂಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈಗ ಕಣ್ಣು ಮುಚ್ಚಿದರೂ ಇಡೀ ಬೋರ್ಡು ಕಾಣುತ್ತಿತ್ತು. "ನಮ್ಮಂಥೋರಿಗೆ ಹಿಂಗೆ ಕೂರಿಸ್ಕೊಂಡು ಕಲಿಸೋರು ಯಾರಿದಾರ್ರೋ?" ಎಂದು ಗೆಳೆಯರ ಮುಂದೆ ರಾಯರನ್ನು ಹೊಗಳಿದ್ದೇ ಹೊಗಳಿದ್ದು.

ಆ ಸಂಜೆ ರಾಯರ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ದುರ್ಗೇಶ ಮೈಮರೆತ. ಬಾಯಲ್ಲಿ ಹೇಳುವ ಬದಲು ಕೈ ಚಾಚಿ, ಆನೆಯನ್ನು ತಾನೇ ಎತ್ತಿ ಕೊನೆಯ ಸಾಲಿನಲ್ಲಿ ಕುಕ್ಕಿದ.

"ಮೇಟ್, ರಾಯ್ರೇ!"

ರಾಯರು ಬೋರ್ಡು ನೋಡಲಿಲ್ಲ, ಅವನ ಕೈ ನೋಡಿದರು. ಆಮೇಲೆ ನಕ್ಕರು.

"ಭೇಷ್! ಗೆದ್ದೆಯಲ್ಲೋ! ತಗೋ, ಬೋರ್ಡು, ಕಾಯಿ, ಎಲ್ಲಾ ನಿಂದೇ. ಬಹುಮಾನ ಅಂತ ಇಟ್ಕೋ."

"ಅಯ್ಯೋ, ನಿಮಗೆ ಬೇಡ್ವಾ?"

"ನಾನು ಬೇರೆ ತರಿಸ್ಕೋತೀನಿ. ಎತ್ಕೊಂಡು ಹೋಗು."

ಜನ್ಮದಲ್ಲಿ ಯಾರೂ ಅವನಿಗೆ ಬಹುಮಾನ ಕೊಟ್ಟಿರಲಿಲ್ಲ. ಬೋರ್ಡನ್ನು ಎದೆಗವಚಿಕೊಂಡು ಹೊರಟ. ನಾಳೆ ಇದನ್ನೇ ತರಲೇ ಎಂದು ಕೇಳಲು ಗೇಟಿನ ಹತ್ತಿರ ತಿರುಗಿದರೆ, ಬೋರ್ಡು ಇದ್ದ ಜಾಗಕ್ಕೆ ರಾಯರು ತಂಬಿಗೆಯಿಂದ ನೀರು ಹೊಯ್ದು ತೊಳೆಯುತ್ತಿದ್ದರು.