ಒಂದೇ ಸಲ ಹೇಳುವ ಬಟನ್

"ಹವ್ಯಾಸಕ್ಕೆ ಪ್ರೋಗ್ರಾಂ ಬರೆಯೋರಿಗೆ ಸದಸ್ಯತ್ವ ಯಾಕೆ? ದುಡ್ಡು ದಂಡ," ಎಂದರು ಸಾಫ್ಟ್‌ವೇರ್ ಸಂಘದ ಕಾರ್ಯದರ್ಶಿ. ಹೋದ ವರ್ಷ ಇದೇ ಮಾತು ತನಗೆ ತಾನೇ ಹೇಳಿಕೊಂಡು ಈ ಬಾಗಿಲಿನಿಂದ ಹಿಂದಿರುಗಿದ್ದ ಟೈಲರ್ ಫೋನನ್ನು ಮೇಜಿನ ಮೇಲಿಟ್ಟ. ತೆರೆಯ ತುಂಬ ದೊಡ್ಡ ದೊಡ್ಡ ಬಟನ್‌ಗಳು: ನೀರು, ದೀಪ, ನೋವು.

"ಮಾತು ಬಿದ್ದುಹೋದೋರಿಗೆ ಮಾಡಿದ್ದು. ಒತ್ತಿದ್ರೆ ಫೋನೇ ಹೇಳುತ್ತೆ. ಕೈ ನಡುಗಿ ಒತ್ತಿದ್ದನ್ನೇ ಒತ್ತಿದ್ರೆ ಸುಮ್ನೆ ಒದರ್ತಾನೇ ಇರೋದು. ಅದಕ್ಕೇ ಒಂದು ಸಲ ಹೇಳಿದ ಮಾತನ್ನ ಒಂದು ಗಂಟೆವರೆಗೂ ಮತ್ತೆ ಹೇಳದ ಹಾಗೆ ಮಾಡಿದೆ."

ಕಾರ್ಯದರ್ಶಿ 'ನೋವು' ಒತ್ತಿದರು. ಫೋನು ಒಮ್ಮೆ ನುಡಿಯಿತು. ಮತ್ತೆ ಮತ್ತೆ ಒತ್ತಿದರು, ಅದು ತುಟಿಪಿಟಕ್ಕೆನ್ನಲಿಲ್ಲ. "ಅಯ್ಯೋ, ಮೊದಲನೇ ಸಲ ಯಾರಿಗೂ ಕೇಳಿಸದೇ ಹೋದ್ರೆ?" ಎಂದು ನಕ್ಕರು. "ನಮ್ಮ ಸಭೆಗೆ ತಂದಿದ್ರೆ ಯಾರಾದ್ರೂ ನೋಡಿದ ಕೂಡಲೇ ಹಿಡಿದುಬಿಡ್ತಿದ್ರು. ಇರ್ಲಿ, ಈಗ ಸರಿ ಮಾಡಿದ್ರಾಯ್ತು."

"ಹಿಡೀತಿದ್ರಾ? ಅದೊಂದನ್ನ ಕೇಳೋಕೇ ಬಂದೆ." ಟೈಲರ್ ಫೋನನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ. "ನಮ್ಮನೆಯವಳು ಮೊದಲನೇ ಸಲ ಒತ್ತಿದಾಗ ನಾನು ಪಕ್ಕದ ಕೋಣೇಲಿ ಹೊಲಿಗೆ ಮಷೀನ್ ತುಳೀತಿದ್ದೆ, ಕೇಳಿಸಲಿಲ್ಲ. ಹೊಲಿಗೆ ಮುಗಿಸಿ ಹೋಗಿ ನೋಡಿದ್ರೆ ಕೈ ತಣ್ಣಗಾಗಿತ್ತು. ಬೆರಳು ಇನ್ನೂ ಬಟನ್ ಮೇಲೇ ಇತ್ತು."