ಯಾರಿಗೂ ಬೇಡದ 212

ಕಂಪನಿಯ ಯಂತ್ರಗಳನ್ನೆಲ್ಲ ನಡೆಸುವ ತಂತ್ರಾಂಶದ ತಿರುಳು ಕರ್ನಲ್. ಅದರಿಂದ ಕೆಲಸ ಮಾಡಿಸಿಕೊಳ್ಳಲು ಯಂತ್ರಗಳು ಕರೆಯುವ ನಂಬರುಗಳ, ಅಂದರೆ ಸಿಸ್ಟಮ್ ಕಾಲ್‌ಗಳ, ಪಟ್ಟಿಯನ್ನು ಓರಣ ಮಾಡುವಾಗ, ಯಾವ ಯಂತ್ರವೂ ಬಳಸುತ್ತಿಲ್ಲವೆಂದು ನಂಬರ್ 212 ಅನ್ನು ಕಿತ್ತುಹಾಕಿದವಳು ಶಾಲ್ಮಲಿಯೇ. ಮೂರು ತಿಂಗಳಾದರೂ ಯಾರೂ ತುಟಿಪಿಟಕ್ಕೆಂದಿರಲಿಲ್ಲ.

ಇವತ್ತು ಮುದುಕರೊಬ್ಬರು ಆಫೀಸಿಗೆ ಬಂದು, ಅಂಗೈಯಗಲದ ಹಳೆಯ ಯಂತ್ರವೊಂದನ್ನು ಅವಳ ಮೇಜಿನ ಮೇಲಿಟ್ಟು ಸುಮ್ಮನೆ ನಿಂತರು. ಪರದೆಯ ಮೇಲೆ ಒಂದೇ ಸಾಲು: ‘212 ಸಿಗುತ್ತಿಲ್ಲ.’

ಶಾಲ್ಮಲಿಯ ಕಿವಿಯವರೆಗೂ ಬಿಸಿಯೇರಿತು. ಅಕ್ಕಪಕ್ಕದವರೆಲ್ಲ ಇತ್ತಲೇ ನೋಡುತ್ತಿದ್ದರು. ನಾಚಿಕೆ ಮುಚ್ಚಿಕೊಳ್ಳಲು ದನಿ ಏರಿಸಿದಳು.

“ಇದು ನಿಂತು ಮೂರು ತಿಂಗಳಾಗಿರಬೇಕಲ್ಲ ಸಾರ್? ಅವತ್ತೇ ಫೋನ್ ಮಾಡಿ ಒಂದು ಮಾತು ಹೇಳೋಕೇನಾಗಿತ್ತು?”

ಅವರು ಅವಳದೇ ಪೆನ್ನು ತೆಗೆದುಕೊಂಡು, ಅವಳದೇ ನೋಟ್‌ಬುಕ್ಕಿನಲ್ಲಿ ನಿಧಾನವಾಗಿ ಬರೆದರು:

“ಗಂಟಲು ಆಪರೇಷನ್ ಆಗಿದೆಯಮ್ಮ. ನಾನು ಮಾತಾಡ್ತಿದ್ದದ್ದೇ ಇದರಲ್ಲಿ.”